ಆಯಿ ಹಾಕಿದ ನೀರು

ಹಣೆಯ ತುಂಬ ಬಳಿದ ವಿಭೂತಿ ಬೆವರಿಗೆ ಕರಗಿ ಇಳಿದು, ಮಧ್ಯಾಹ್ನವಾಗುವಷ್ಟರಲ್ಲಿ ಆಯಿಯ ಎರಡೂ ಹುಬ್ಬು ಬೆಳ್ಳಗಾಗಿರುತ್ತಿದ್ದವು. ತಲೆಗೂದಲು ಇನ್ನೂ ಕಪ್ಪು, ಹುಬ್ಬು ಮಾತ್ರ ಬಿಳಿ. ಇಳಕಲ್ ಸೀರೆಯನ್ನು ಮೇಲಕ್ಕೆ ಎತ್ತಿ ಸಿಕ್ಕಿಸಿಕೊಂಡು, ಲಿಂಗವಿದ್ದ ಬೆಳ್ಳಿಯ ಕರಡಿಗೆ ಎದೆಯ ಮೇಲೆ ತೂಗಾಡುತ್ತ, ಪುಣೆಯ ಖಡಕಿಯಲ್ಲಿ ನಮ್ಮ ಕ್ರೈಸ್ತರ ಸಾಲುಮನೆಗಳ ಲೈನಿನಲ್ಲಿ ಅವಳು ದಾಪುಗಾಲು ಹಾಕುತ್ತ ಬಂದರೆ ಹೆಂಗಸರು ಒಲೆಯ ಮುಂದಿನಿಂದಲೇ ಕೂಗಿ ಕೇಳುತ್ತಿದ್ದರು.

"ಯಾರ ಮನಿಗೆ ಹೊಂಟಿ, ಆಯಿ?"

"ಹೊಟ್ಟಿ ಮುಂದ ಬಂದಾಕಿ ಮನಿಗೆ. ನೀ ಯಾಕ ಕೇಳ್ತಿ? ನಿಂದೂ ಮುಂದ ಬಂದದೇನು?"

ಕೇಳಿದವಳು ನಾಚಿ ಒಳಗೆ ಹೋಗಬೇಕು, ಅಕ್ಕಪಕ್ಕದವರು ನಗಬೇಕು. ಅದು ಅವಳು ಬಂದದ್ದರ ಗುರುತು.

ಆಯಿ ನಮ್ಮ ಲೈನಿನ ಸೂಲಗಿತ್ತಿ. ಜಾತಿಯಲ್ಲಿ ಲಿಂಗಾಯತಳು, ಅಥಣಿಯ ಕಡೆಯವಳು. ಗಂಡನೊಂದಿಗೆ ಪುಣೆಗೆ ಬಂದು, ಪ್ಲೇಗಿನಲ್ಲಿ ಅವನನ್ನು ಕಳೆದುಕೊಂಡು, ಊರಿಗೆ ಮರಳದೆ ಖಡಕಿ ಬಜಾರದ ಒಂದು ಸಣ್ಣ ಖೋಲಿಯಲ್ಲೇ ಉಳಿದುಬಿಟ್ಟಿದ್ದಳು. ನಮ್ಮವರು ಮುದಗಲ್ಲಿನ ಕಡೆಯ ಕ್ರೈಸ್ತರು. ತಲೆತಲಾಂತರದಿಂದ ಕನ್ನಡದಲ್ಲೇ ಜಪಸರ ಹೇಳಿದ ಜನ. ಮದ್ದುಗುಂಡಿನ ಕಾರಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಅಪ್ಪ ಬಂದ. ಅಪ್ಪನ ಹಿಂದೆ ಅವ್ವ, ಅವಳ ಹಿಂದೆ ಗಂಡನೊಂದಿಗೆ ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತಿ. ಮಿಲಿಟರಿ ಆಸ್ಪತ್ರೆ ಸೋಲ್ಜರರಿಗೆ. ನಮ್ಮಂಥವರ ಹೆರಿಗೆಗೆ ಆಯಿಯೇ ಆಸ್ಪತ್ರೆ, ಆಯಿಯೇ ಡಾಕ್ಟರು.

ಹೀಗೆ ನನ್ನನ್ನು ಈ ಲೋಕಕ್ಕೆ ಎಳೆದುಕೊಂಡವಳು ಆಯಿ. ಅದರಲ್ಲಿ ವಿಶೇಷವೇನಿಲ್ಲ, ಲೈನಿನ ಮಕ್ಕಳನ್ನೆಲ್ಲ ಎಳೆದುಕೊಂಡವಳು ಅವಳೇ. ಆದರೆ ನನಗೆ ಜ್ಞಾನಸ್ನಾನ ಕೊಟ್ಟವಳೂ ಅವಳೇ! ಚರ್ಚಿನ ಸ್ವಾಮಿಗಳಲ್ಲ, ಸನ್ಯಾಸಿನಿಯಲ್ಲ, ಕೊರಳಲ್ಲಿ ಲಿಂಗ ಕಟ್ಟಿದ ಸೂಲಗಿತ್ತಿ ನನ್ನ ತಲೆಗೆ ನೀರು ಹಾಕಿ ನನ್ನನ್ನು ಕ್ರೈಸ್ತಳನ್ನಾಗಿ ಮಾಡಿದಳು. ಹೇಳಿದರೆ ಈಗಿನ ಹುಡುಗರು ನಂಬುವುದಿಲ್ಲ, "ಅಜ್ಜಿ ಏನೋ ಹೇಳ್ತಾಳ" ಎಂದು ನಗುತ್ತಾರೆ. ನಗಲಿ.

ಅದಕ್ಕೆ ಹಿಂದಿನ ಕಥೆ ಹೇಳಬೇಕು. ಆ ಕಾಲದಲ್ಲಿ ಲೈನಿನಲ್ಲಿ ಹುಟ್ಟಿದ ಕೂಸುಗಳೆಲ್ಲ ಉಳಿಯುತ್ತಿರಲಿಲ್ಲ. ಹುಟ್ಟಿ ನಾಲ್ಕು ಉಸಿರು ಎಳೆದು ಹೋಗಿಬಿಡುವವು ಬಹಳ. ಸ್ವಾಮಿಗಳಿಗೆ ಹೇಳಿಕಳಿಸಿ ಅವರು ಸೈಕಲ್ ಹತ್ತಿ ಬರುವಷ್ಟರಲ್ಲಿ ಕೂಸು ತಣ್ಣಗಾಗಿರುತ್ತಿತ್ತು. ನೀರು ಬೀಳದೆ ಹೋದ ಕೂಸಿಗೆ ಸ್ಮಶಾನದ ಒಳಗೆ ಜಾಗವಿಲ್ಲ. ಗೋಡೆಯ ಆಚೆ, ಮಂತ್ರಿಸದ ಮಣ್ಣಿನಲ್ಲಿ ಹೂಳಬೇಕು. ಮಗು ಸತ್ತ ದುಃಖ ಒಂದು ಕಡೆ, ಗೋಡೆಯ ಆಚೆ ಮಲಗಿಸಿದ ದುಃಖ ಇನ್ನೊಂದು ಕಡೆ. ಪೂಜೆಗೆ ಬಂದ ತಾಯಂದಿರು ಗೋಡೆಯ ಆಚೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರಂತೆ. "ನೀರ ಬೀಳ್ದ ಹೋತು" ಎಂಬ ಮಾತನ್ನು ನಮ್ಮ ಹೆಂಗಸರು ಹೇಳುತ್ತಿದ್ದ ದನಿಯನ್ನು ನಾನು ಬರೆದು ತೋರಿಸಲಾರೆ.

ಚರ್ಚಿಗೆ ನಾವು ಗುಡಿ ಎನ್ನುತ್ತೇವೆ, ಪಾದ್ರಿಗೆ ಸ್ವಾಮಿಗಳು. ನಮ್ಮ ಗುಡಿಯ ಸ್ವಾಮಿಗಳು ದೂರದ ಹಿಮದ ದೇಶದಿಂದ ಬಂದ ಬಿಳಿ ಗಡ್ಡದವರು. ಕೆಲವು ವರ್ಷ ನಮ್ಮ ಮುದಗಲ್ಲಿನ ಕಡೆ ಇದ್ದು ಕನ್ನಡ ಕಲಿತಿದ್ದರು. ಪುಸ್ತಕ ಓದಿ ಕಲಿತ ಕನ್ನಡವಾದ್ದರಿಂದ ಸೊಪ್ಪಿನವಳೊಂದಿಗೂ ಪ್ರಸಂಗ ಮಾಡುವಂತೆ ಮಾತಾಡುತ್ತಿದ್ದರು. ಅವರು ಒಂದು ದಿನ ಆಯಿಯನ್ನು ಕರೆಸಿದರು. ಆ ಮಾತುಕತೆಯನ್ನು ಆಯಿ ಎಷ್ಟು ಸಲ ಅಭಿನಯಿಸಿ ತೋರಿಸಿದ್ದಾಳೆಂದರೆ, ನಾನೇ ಅಲ್ಲಿದ್ದೆನೇನೋ ಎನ್ನುವಷ್ಟು ನೆನಪಿದೆ.

"ಅಮ್ಮಾ, ಪ್ರಾಣ ಹೋಗುವ ಸಮಯದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ತಲೆಯ ಮೇಲೆ ನೀರು ಹರಿಯಬೇಕು. ಹರಿಯುತ್ತಿರುವಾಗಲೇ ನಾನು ಹೇಳಿಕೊಡುವ ಮಾತನ್ನು ಹೇಳಬೇಕು. ಅಷ್ಟೇ."

"ನಾ ಲಿಂಗವಂತರಾಕಿ ಅದೀನ್ರಿ, ಪಾದ್ರಿ ಸಾಹೇಬ್ರ. ನನ್ನ ಕೈಲೆ ಹಾಕಿದ್ರ ನಡೀತದ್ರಿ?"

"ನಡೆಯುತ್ತದೆ. ಕೊಡುವವನು ದೇವರು. ನೀವು ತಂಬಿಗೆ ಹಿಡಿಯುವವರು."

"ಲಿಂಗಾ ತಗಿಯಂಗಿಲ್ಲ ನೋಡ್ರಿ. ಆಮ್ಯಾಲ ಜಗಳ ಬ್ಯಾಡ, ಮೊದಲ ಹೇಳಿಬಿಡ್ತೀನಿ."

"ತೆಗೆಯಲು ಯಾರೂ ಹೇಳಲಿಲ್ಲ. ಆದರೆ ಮನಸ್ಸು ಸರಿ ಇರಬೇಕು. ನಮ್ಮ ಧರ್ಮಸಭೆ ಏನು ಮಾಡುತ್ತದೆಯೋ ಅದನ್ನೇ ಮಾಡುತ್ತೇನೆ ಎಂಬ ಮನಸ್ಸು."

"ಸಭಾ ಗಿಭಾ ನನಗ ತಿಳಿಯಂಗಿಲ್ರಿ. ಆ ಕೂಸಿನ ತಾಯಿ ಏನ ಬೇಡ್ತಾಳ, ಅದನ್ನ ಮಾಡ್ತೀನಿ. ನಡೀತದ್ರಿ?"

ಸ್ವಾಮಿಗಳು ಗಡ್ಡ ನೀವಿಕೊಂಡು, "ನಡೆಯುತ್ತದೆ" ಎಂದರಂತೆ.

"ಪಿತ, ಸುತ, ಪವಿತ್ರಾತ್ಮನ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ." ಈ ಒಂದು ಮಾತನ್ನು ಬಾಯಿಪಾಠ ಮಾಡಲು ಆಯಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಜೋಳ ಹಸನು ಮಾಡುವಾಗ, ಬಟ್ಟೆ ಒಗೆಯುವಾಗ, ನದಿಯಿಂದ ಬರುವಾಗ ಅದೇ ಜಪ. ಬಜಾರದಲ್ಲಿ ಅವಳ ಜಾತಿಯವರು, "ಏನ್ರೀ, ಕಿರಿಸ್ತಾನ ಆದ್ರೇನ್ರಿ?" ಎಂದು ಕೆಣಕಿದರೆ ಆಯಿಯ ಉತ್ತರ ಸಿದ್ಧವಿತ್ತು. "ನಮ್ಮಾಗ ಕೂಸು ಹುಟ್ಟಿದ ಕೂಡ್ಲೇ ಲಿಂಗಾ ಕಟ್ತೀವಿ. ಅವರು ನೀರ ಹಾಕ್ತಾರ. ಹುಟ್ಟಿದ್ದ ಕೂಸು ಯಾರದೂ ಅಲ್ಲಾ ಅನ್ನಂಗ ಹೋಗಬಾರದು. ಅಷ್ಟ ನೋಡ್ರಿ."

ಮುಂದೆ ನಾನು ಧರ್ಮೋಪದೇಶದ ಪಾಠದಲ್ಲಿ ಜ್ಞಾನಸ್ನಾನದ ಫಲಗಳನ್ನೆಲ್ಲ ಗಿಳಿಯಂತೆ ಒಪ್ಪಿಸಿದ್ದೇನೆ. ಆದಿಪಾಪದ ಪರಿಹಾರ, ದೇವರ ಮಕ್ಕಳಾಗುವುದು, ಸಭೆಯ ಸದಸ್ಯರಾಗುವುದು. ಎಲ್ಲವೂ ಸರಿ. ಆದರೆ ಕಷ್ಟಕಾಲದಲ್ಲಿ ನನಗೆ ಆಸರೆಯಾದದ್ದು ಆಯಿಯ ಮಾತು. ನಾನು ಯಾರದೋ ಮಗಳು, ಹುಟ್ಟಿದ ಕೂಡಲೇ ಒಬ್ಬನ ಕೈಗೆ ನನ್ನನ್ನು ಒಪ್ಪಿಸಿದ್ದಾರೆ ಎಂಬ ಧೈರ್ಯ.

ಆಯಿ ಹಾಗೆ ನೀರು ಹಾಕಿದ ಮೊದಲ ಕೂಸು ನಮ್ಮ ಅತ್ತಿಯದೇ. ಅತ್ತಿಗೆ ಅದೊಂದೇ ಬಸಿರು. ಗಂಡುಮಗು. ಆಯಿಯ ತೊಡೆಯ ಮೇಲೆಯೇ ಹುಟ್ಟಿ, ಅಲ್ಲೇ ನೀರು ಹಾಕಿಸಿಕೊಂಡು, ಅಲ್ಲೇ ಕಣ್ಣು ಮುಚ್ಚಿತು. ಅತ್ತಿ ಎಚ್ಚರ ತಪ್ಪಿದ್ದಳು, ಮಗನ ಮುಖವನ್ನು ಜೀವ ಇದ್ದಾಗ ನೋಡಲಿಲ್ಲ. ಹಿರಿಯರೊಬ್ಬರು, "ಲಿಂಗಾಯತರಾಕಿ ಹಾಕಿದ ನೀರು ನೀರೇನು? ಕೂಸನ್ನ ಗೋಡಿ ಆಚೆ ಇಡ್ರಿ" ಎಂದು ಅಡ್ಡ ನಿಂತರಂತೆ. ಸ್ವಾಮಿಗಳು ವಾದ ಮಾಡಲಿಲ್ಲ. ತಾವೇ ಆ ಪುಟ್ಟ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಗೇಟು ದಾಟಿ ಒಳಗೆ ನಡೆದರು. ಆಮೇಲೆ ಆ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಅತ್ತಿ ಆ ಋಣವನ್ನು ಮರೆತವಳಲ್ಲ. ಆದರೆ ಅತ್ತಿಯ ಪ್ರೀತಿ ಜಗಳದ ರೂಪದಲ್ಲಿಯೇ ಹೊರಗೆ ಬರುತ್ತಿತ್ತು. ಸ್ವಲ್ಪ ದಿನಕ್ಕೇ ಗಂಡನನ್ನೂ ಕಳೆದುಕೊಂಡು ನಮ್ಮ ಮನೆಗೆ ಬಂದಮೇಲಂತೂ ಅವಳಿಗೂ ಆಯಿಗೂ ಎಣ್ಣೆ ಸೀಗೆಕಾಯಿ. ಒಂದು ದಿನ ಜಗಳವಾಡದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

"ನಮ್ಮ ದೇವರ ಕೆಲಸಾ ಇಷ್ಟ ಮಾಡ್ತಿ. ಒಂದ ಹನಿ ನಿನ್ನ ತಲಿ ಮ್ಯಾಲೂ ಬಿದ್ರ ಏನ ಗಂಟ ಹೋಗ್ತದ?" ಇದು ಅತ್ತಿ.

"ನನ್ನ ತಲಿ ಮ್ಯಾಲೆ ದಿನಾ ಎರಡ ಕೊಡಾ ಬೀಳ್ತದ. ನೀ ಬರೇ ಐತವಾರಕ್ಕ ಒಮ್ಮೆ ಎರಕೋತಿ. ನಿನ್ನ ತಲಿ ನೋಡ್ಕೋ ಮೊದಲ." ಇದು ಆಯಿ.

ಇನ್ನು ನನ್ನ ಹುಟ್ಟು. ಅವ್ವನಿಗೆ ಏಳು ತಿಂಗಳಿಗೇ ನೋವು ಬಂತು. ನಾನು ನೀಲಿಗಟ್ಟಿ, ಅಳದೆ, ಬೆಕ್ಕಿನ ಮರಿಯಷ್ಟು ಗಾತ್ರದಲ್ಲಿ ಹೊರಬಿದ್ದೆನಂತೆ. ಆಯಿ ಬೆನ್ನು ತಟ್ಟಿದಳು, ಬಾಯಿ ಒರೆಸಿದಳು, ಕಾಲು ಹಿಡಿದು ಜೋತುಬಿಟ್ಟಳು. ಒಂದು ಸಣ್ಣ ಉಸಿರು ಬಂತು, ಮತ್ತೆ ನಿಂತಿತು. ಇದು ಉಳಿಯುವ ಗಿರಾಕಿಯಲ್ಲ ಎಂದುಕೊಂಡು ಆಯಿ ತಂಬಿಗೆ ಎತ್ತಿ ತಲೆಯ ಮೇಲೆ ನೀರು ಬಿಟ್ಟು, ಸ್ವಾಮಿಗಳು ಕಲಿಸಿದ ಮಾತನ್ನು ಒಂದಕ್ಷರ ತಪ್ಪದೆ ಹೇಳಿದಳು. ಆಮೇಲೆ, ಅದೇ ಉಸಿರಿನಲ್ಲಿ, "ಬಸವಣ್ಣಾ, ನೀನೂ ಒಂದ ಕಣ್ಣ ಇಟ್ಟಿರಪಾ ಇದರ ಮ್ಯಾಲೆ" ಎಂದುಬಿಟ್ಟಳು!

ತಣ್ಣೀರು ಬಿದ್ದದ್ದಕ್ಕೋ, ಬಸವಣ್ಣನ ಕಣ್ಣು ಬಿದ್ದದ್ದಕ್ಕೋ, ನಾನು ಚೀರಿದೆ. ಅವ್ವ ಅತ್ತಳು, ಅಪ್ಪ ಹೊರಗೆ ಮೊಣಕಾಲೂರಿದ. ಅತ್ತಿ ಮಾತ್ರ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಬಸವಣ್ಣನ ಹೆಸರು ಅವಳ ಕಿವಿಗೆ ಬಿದ್ದಿತ್ತು. ನನ್ನ ಚಿಂತೆ ಇರಲಿ, ಗೇಟಿನೊಳಗೆ ಮಲಗಿದ ತನ್ನ ಮಗನಿಗೂ ಆಯಿ ಹೀಗೇ ಬಸವಣ್ಣನನ್ನು ಸೇರಿಸಿ ನೀರು ಹಾಕಿದ್ದರೆ? ಅದು ಜ್ಞಾನಸ್ನಾನ ಆಯಿತೋ ಇಲ್ಲವೋ? ಅತ್ತಿ ಸೆರಗು ಸುತ್ತಿಕೊಂಡು ಬರಿಗಾಲಲ್ಲಿ ಗುಡಿಗೆ ಓಡಿದಳು.

ಸ್ವಾಮಿಗಳು ಬಂದು ಆಯಿಯನ್ನು ಎದುರಿಗೆ ಕೂರಿಸಿಕೊಂಡರು. "ಅಮ್ಮಾ, ನೀರು ಹಾಕುವಾಗ ಏನೇನು ಹೇಳುತ್ತೀರಿ? ಹೇಳಿ ನೋಡೋಣ."

ಆಯಿ ಎಲ್ಲವನ್ನೂ ಹೇಳಿದಳು, ಬಸವಣ್ಣನನ್ನೂ ಬಿಡದೆ.

"ಅದನ್ನು ನಾನು ಕಲಿಸಿರಲಿಲ್ಲವಲ್ಲ?"

"ನೀವು ಕಲಿಸಿದ್ದು ಮುಗದ ಮ್ಯಾಲೆ ಹೇಳ್ತೀನ್ರಿ. ನಡುವ ಎಲ್ಲಿ ಹೇಳೀನಿ? ನಿಮ್ಮ ಮೂವರಿಗೂ ಕೊಟ್ಟ ಆತು. ಕೂಸು ಹಿಡದ ಕೈ ನಂದಲ್ರಿ, ನನ್ನ ದೇವರಿಗೂ ಒಂದ ಮಾತ ತಿಳಿಸಬೇಕಲ್ಲ? ಹೇಳದ ಕೇಳದ ಹೆಂಗ ಕೊಡೂದು?"

ಸ್ವಾಮಿಗಳು ನಕ್ಕರು. ಎಷ್ಟು ನಕ್ಕರೆಂದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ಅತ್ತಿಗೆ ನಗು ಬರಲಿಲ್ಲ. "ಸ್ವಾಮಿ, ನೀವು ಇನ್ನೊಮ್ಮೆ ಹಾಕಿಬಿಡ್ರಿ, ನನಗ ಸಮಾಧಾನ ಆಗ್ತದ" ಎಂದು ಕೈ ಮುಗಿದಳು. ಆಗ ಅವರು ನಗು ನಿಲ್ಲಿಸಿ, "ನೀರು ಹರಿದಿದೆ. ಮಾತು ಪೂರ್ತಿಯಾಗಿದೆ. ಜ್ಞಾನಸ್ನಾನ ಒಂದೇ ಸಲ, ತಾಯೀ. ಈ ಮಗುವಿಗೂ ಆಗಿದೆ, ನಿಮ್ಮ ಮಗನಿಗೂ ಆಗಿದೆ. ಆಮೇಲೆ ಆಕೆ ಮಾಡಿದ ಪ್ರಾರ್ಥನೆ ಆಕೆಯದು" ಎಂದರು. ಅತ್ತಿ ಅಲ್ಲೇ ಕುಸಿದು ಕೂತು ಅತ್ತಳಂತೆ. ಅದು ನನಗಾಗಿ ಅತ್ತದ್ದಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ಸ್ವಲ್ಪ ಗಟ್ಟಿಯಾದ ಮೇಲೆ ಉಳಿದ ವಿಧಿಗಳಿಗೆಂದು ಗುಡಿಗೆ ಒಯ್ದರು. ಆಗೆಲ್ಲ ಬಾಣಂತಿ ಬರುವ ಪದ್ಧತಿಯಿರಲಿಲ್ಲ, ಅವ್ವ ಮನೆಯಲ್ಲೇ ಉಳಿದಳು. ತಾಯಿಯ ಜಾಗದಲ್ಲಿ ನಿಲ್ಲುವ ಜ್ಞಾನತಾಯಿಯಾಗಿ ಅತ್ತಿ ನನ್ನನ್ನು ಎತ್ತಿಕೊಂಡಳು. ಗುಡಿಯ ಬಾಗಿಲಲ್ಲಿ ಸ್ವಾಮಿಗಳು ಮುಖಕ್ಕೆ ಊದಿ, ನಾಲಿಗೆಗೆ ಚಿಟಿಕೆ ಉಪ್ಪು ಇಟ್ಟರು. ಎದೆಗೆ ಎಣ್ಣೆ, ತಲೆಗೆ ಬಿಳಿ ಬಟ್ಟೆ, ಅತ್ತಿಯ ಕೈಗೆ ಉರಿಯುವ ಮೇಣದಬತ್ತಿ. ನೀರು ಮಾತ್ರ ಮುಟ್ಟಲಿಲ್ಲ. ಆಯಿ ಗುಡಿಯ ಹೊರಗೆ ಮೆಟ್ಟಿಲ ಮೇಲೆ ಎಲ್ಲರ ಚಪ್ಪಲಿ ಕಾಯುತ್ತ ಕೂತಿದ್ದಳು. ಉಪ್ಪಿಗೆ ನಾನು ಕಿರುಚಿದ್ದು ಕೇಳಿ ಅವಳು ಎದ್ದು ನಿಂತಳು. ಅತ್ತಿ ಹೊರಗೆ ಬರುತ್ತಲೇ ಆಯಿ ಅವಳನ್ನು ತಡೆದಳು.

"ಹಸೀ ಕೂಸಿನ ಬಾಯಾಗ ಉಪ್ಪ ಯಾಕ ಹಾಕ್ತೀರಿ? ಬುದ್ಧಿ ಅದ ಏನು?"

"ಬುದ್ಧಿ ಬರ್ಲಿ ಅಂತನ ಹಾಕೋದು. ಜ್ಞಾನದ ಉಪ್ಪು ಅದು."

"ಹಂಗಾದ್ರ ನಿನಗ ಹಾಕುವಾಗ ಕಡಿಮಿ ಬಿತ್ತು ಕಾಣ್ತದ!"

ಗುಡಿಯ ಮೆಟ್ಟಿಲ ಮೇಲೆಯೇ ಜಗಳ ಹತ್ತಿಕೊಂಡಿತು. ನನ್ನನ್ನು ಅತ್ತಿಯ ಕೈಯಿಂದ ಕಸಿದುಕೊಂಡು, ದಾರಿಯುದ್ದಕ್ಕೂ ಬೆರಳಿನಿಂದ ಜೇನು ನೆಕ್ಕಿಸುತ್ತ ಮನೆ ಮುಟ್ಟಿಸಿದವಳು ಆಯಿ.

ಇವನ್ನೆಲ್ಲ ಕೇಳಿಕೊಂಡೇ ಬೆಳೆದ ನಾನು ಆಯಿಯ ಬಾಲವಾಗಿಬಿಟ್ಟೆ. ಎಲ್ಲರ ಎದುರು ನನ್ನನ್ನು "ನಮ್ಮ ನೀರಿನ ಮಗಳು" ಎಂದು ಪರಿಚಯಿಸುತ್ತಿದ್ದಳು. ಅವಳ ಸೊಂಟದ ಚೀಲದಲ್ಲಿ ಬಜೆ, ಅಜವಾನ, ದಾರದ ಉಂಡೆ ಇರುತ್ತಿದ್ದವು, ನನಗಾಗಿ ಒಂದು ತುಂಡು ಬೆಲ್ಲವೂ. ಹೆರಿಗೆ ಮನೆಗೆ ಹೋದಾಗ ಅವಳು ದನಿ ಏರಿಸಿದ್ದೇ ಇಲ್ಲವಂತೆ. "ಹಡ್ಯಾಕಿ ಚೀರಲಿ, ಹಿಡ್ಯಾಕಿ ಚೀರಬಾರದು" ಎನ್ನುತ್ತಿದ್ದಳು. ಕೂಸು ಹುಟ್ಟಿ ಗಟ್ಟಿಯಾಗಿ ಅತ್ತರೆ ಅವಳ ಹಿಗ್ಗು ನೋಡಬೇಕು. "ಇದು ಗುಡಿಗೇ ಹೋಗಿ ನೀರ ಹಾಕಿಸ್ಕೋತದ, ನನ್ನ ತಂಬಿಗಿ ಬ್ಯಾಡ ಇದಕ!" ಎಂದು ಕೈ ಝಾಡಿಸುತ್ತಿದ್ದಳು. ತಾನು ನೀರು ಹಾಕಬೇಕಾಗಿ ಬಂದ ದಿನ ಮಾತ್ರ ನಮ್ಮ ಮನೆಯ ಕಟ್ಟೆಗೆ ಬಂದು ಕೂತು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಅಂಥ ದಿನ ಅತ್ತಿಯೂ ಜಗಳ ತೆಗೆಯದೆ ಅವಳ ಪಕ್ಕ ಕೂತು ಅಕ್ಕಿ ಆರಿಸುತ್ತಿದ್ದಳು.

ನನ್ನ ಕಷ್ಟ ಶುರುವಾದದ್ದು ಗುಡಿಯಲ್ಲಿ ಮೊದಲ ಸಲ ಪರಮಪ್ರಸಾದದ ರೊಟ್ಟಿ ತೆಗೆದುಕೊಳ್ಳುವ ತಯಾರಿಯಲ್ಲಿ. ಜ್ಞಾನಸ್ನಾನವಿಲ್ಲದೆ ಸ್ವರ್ಗವಿಲ್ಲ ಎಂದು ನಮಗೆ ಕಲಿಸಿದರು. ನಾನು ಎದ್ದು ನಿಂತು ಕೇಳಿದೆ, "ಹಂಗಾದ್ರ ಆಯಿ?" ಕಲಿಸುತ್ತಿದ್ದವರು ಪುಟ ತಿರುವಿದರು. ನನಗೆ ಎದೆ ಒಡೆಯಿತು. ನನ್ನನ್ನು ಒಳಗೆ ಬಿಟ್ಟವಳು ತಾನು ಹೊರಗೆ ಉಳಿಯಬೇಕೇ? ಅಂದಿನಿಂದ ನನ್ನ ಜಪಸರದ ಮಣಿಗಳೆಲ್ಲ ಒಂದೇ ಬೇಡಿಕೆಗೆ ಉರುಳಿದವು. ದೇವರೇ, ಆಯಿ ಸಾಯುವುದರೊಳಗೆ ಅವಳ ತಲೆಗೂ ನೀರು ಬೀಳಲಿ.

ಬೇಡಿ ಬೇಡಿ ಬೇಸತ್ತು, ದೇವರು ತಡ ಮಾಡುತ್ತಿದ್ದಾನೆಂದು ಕೆಲಸವನ್ನು ನಾನೇ ಕೈಗೆತ್ತಿಕೊಂಡೆ. ಒಂದು ಮಧ್ಯಾಹ್ನ ಆಯಿ ನಮ್ಮ ಪಡಸಾಲೆಯಲ್ಲಿ ಸೆರಗು ಹಾಸಿ ಗೊರಕೆ ಹೊಡೆಯುತ್ತಿದ್ದಳು. ನಾನು ತುಂಬಿದ ತಂಬಿಗೆ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, "ಪಿತ, ಸುತ" ಎನ್ನುತ್ತ ದಬದಬ ಸುರಿದುಬಿಟ್ಟೆ.

"ಯಪ್ಪಾ! ಯಾರ ಅದು? ಏ ಹುಚ್ಚ ಖೋಡಿ, ಹಗಲ್ಹೊತ್ತಿನಾಗ ಜಳಕಾ ಮಾಡಸ್ತೀಯಲ್ಲ!" ಆಯಿ ಎದ್ದು ಕೂತು ಮುಖ ಒರೆಸಿಕೊಂಡಳು. ವಿಭೂತಿ ಎಲ್ಲ ಕೊಚ್ಚಿ ಹೋಗಿತ್ತು. ನಾನು ಬಿಕ್ಕುತ್ತ ನಿಂತದ್ದು ಕಂಡು ಬೈಗುಳ ನುಂಗಿಕೊಂಡಳು. "ಯಾಕವಾ? ಏನಾತು?"

"ನೀ ಸ್ವರ್ಗಕ್ಕ ಬರಂಗಿಲ್ಲಂತ. ನಾ ಒಬ್ಬಾಕಿನ ಹೋಗಬೇಕಂತ."

ಆಯಿ ನನ್ನನ್ನು ಒದ್ದೆ ಸೀರೆಯಲ್ಲೇ ಅಪ್ಪಿಕೊಂಡಳು. "ನೀ ಒಬ್ಬಾಕಿನ ಹೋಗಿ ಏನ ಮಾಡ್ತಿ ಅಲ್ಲಿ? ನಾ ಬರೂತನಾ ಇಲ್ಲೇ ಇರು" ಎಂದು ನನ್ನನ್ನು ನಗಿಸಿದಳು. ಒಳಗೊಳಗೆ ನನಗೆ ಗೆದ್ದೆನೆಂಬ ಸಂತೋಷ, ಹೇಗೂ ನೀರು ಬಿದ್ದಾಯಿತಲ್ಲ!

ಭಾನುವಾರ ಸ್ವಾಮಿಗಳಿಗೆ ಜಂಬದಿಂದ ವರದಿ ಒಪ್ಪಿಸಿದೆ. ಈ ಸಲ ಅವರು ನಗಲಿಲ್ಲ. ನನ್ನನ್ನು ಬೆಂಚಿನ ಮೇಲೆ ಕೂರಿಸಿಕೊಂಡು, "ಮಗೂ, ಕೂಸಿಗಾದರೆ ತಂದೆತಾಯಿ ಬೇಡುತ್ತಾರೆ. ದೊಡ್ಡವರು ತಾವೇ ಬೇಡಬೇಕು. ಬೇಡದವರ ತಲೆಗೆ ಸುರಿದರೆ ಅದು ಬರೀ ನೀರು" ಎಂದರು.

"ಮತ್ತ ಆಯಿ ಎಲ್ಲಿಗೆ ಹೋಗ್ತಾಳ, ಸ್ವಾಮಿ?"

"ನನಗೆ ಗೊತ್ತಿಲ್ಲ. ನಾನೂ ಆಕೆಗಾಗಿ ದಿನವೂ ಪ್ರಾರ್ಥಿಸುತ್ತೇನೆ" ಎಂದರು. ಗಡ್ಡದ ದೊಡ್ಡವರೊಬ್ಬರು ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನ ಹೆದರಿಕೆ ಕಡಿಮೆಯಾಗಲಿಲ್ಲ, ಬೆಳೆಯಿತು.

ವರ್ಷಗಳು ಕಳೆದವು. ಬಿಳಿ ಗಡ್ಡದ ಸ್ವಾಮಿಗಳು ತೀರಿಕೊಂಡರು. ದೊಡ್ಡ ಯುದ್ಧ ಬಂತು, ಕಾರಖಾನೆಯ ಭೋಂಗಾ ಹಗಲೂ ರಾತ್ರಿ ಕೂಗಿತು. ನನಗೆ ಅದೇ ಲೈನಿನಲ್ಲಿ ಮದುವೆಯಾಯಿತು, ಎರಡು ಮಕ್ಕಳೂ ಆಯಿಯ ಕೈಯಲ್ಲೇ ಆದವು. ಎರಡೂ ಗಟ್ಟಿಯಾಗಿ ಅತ್ತು ಅವಳಿಂದ ಶಹಬ್ಬಾಸ್ ಅನ್ನಿಸಿಕೊಂಡವು. ನಾನು ಬಾಣಂತಿ ಮಂಚದ ಮೇಲಿನಿಂದಲೂ ಕೇಳಿದ್ದುಂಟು, "ಆಯಿ, ನೀ ಯಾವಾಗ ಹಾಕಿಸ್ಕೋತಿ?" ಅವಳು ಕೂಸಿನ ಹೊಕ್ಕುಳ ನೋಡುತ್ತ, "ನಿನ್ನ ಹಾಲ ಇಳಿಯೂದ ನೋಡ ಮೊದಲ" ಎಂದು ಹಾರಿಸಿಬಿಡುತ್ತಿದ್ದಳು.

ಯುದ್ಧ ಮುಗಿದ ಮರುವರ್ಷ ಆಯಿ ಹಾಸಿಗೆ ಹಿಡಿದಳು. ಕಾಲು ಬಾತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ಶಿರೂರಿನಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದ ಅವಳ ತಮ್ಮನ ಮಗ ಬಂದು ನಿಂತ. ಒಳ್ಳೆಯ ಹುಡುಗ. ಆ ದಿನ ಬೆಳಿಗ್ಗೆ ಅವಳ ಮುಖ ನೋಡಿ, ಇನ್ನು ತಡವಿಲ್ಲವೆಂದುಕೊಂಡು, ಕೊನೆಯ ವಿಧಿಗೆಂದು ಪುಣೆಯ ಪೇಠೆಯಲ್ಲಿದ್ದ ತಮ್ಮ ಜಾತಿಯ ಪುರೋಹಿತ ಅಯ್ಯನವರನ್ನು ಕರೆತರಲು ಟಾಂಗಾ ಹತ್ತಿ ಹೋದ. "ಅಕ್ಕಾರ, ನಾ ಬರೂತನಾ ಕೂತಿರ್ರಿ" ಎಂದು ನನ್ನನ್ನೂ ಅತ್ತಿಯನ್ನೂ ಕೂರಿಸಿದ.

ಅವನು ಓಣಿ ದಾಟಿದ್ದೇ ತಡ, ಅತ್ತಿ ನನ್ನ ಕೈ ಹಿಡಿದಳು.

"ಅಯ್ಯನೋರು ಬರೂದ್ರೊಳಗ ಹಾಕಿಬಿಡು."

"ಏನು?"

"ಏನಂದ್ರ? ನೀರು! ತಂಬಿಗಿ ಇಲ್ಲೇ ಅದ. ಅಕಿಗೆ ಅರ್ಧಾ ಎಚ್ಚರ ಇಲ್ಲ. ಒಂದ ಹನಿ ಹರದ್ರ ಸಾಕು, ಮಾತು ನಿನಗ ಬರ್ತದ. ನನಗ ಕೈ ನಡಗ್ತದ, ಇಲ್ಲಾಂದ್ರ ನಾನ ಹಾಕ್ತಿದ್ದೆ. ನನ್ನ ಮಗನ್ನ ಕಾದಾಕಿ ಹೊರಗ ಬೀಳ್ತಾಳ, ನೋಡಕೋಂತ ಕುಂದ್ರಲೇನು ನಾನು?"

ಸುಳ್ಳು ಯಾಕೆ ಹೇಳಲಿ, ನಾನು ತಂಬಿಗೆ ಎತ್ತಿಕೊಂಡೆ. ನನ್ನ ಜೀವಮಾನದ ಬೇಡಿಕೆ ಒಂದು ಗೇಣು ದೂರದಲ್ಲಿತ್ತು. ಆಯಿಯ ಹಣೆಯ ಮೇಲೆ ಅಂದು ಬೆಳಿಗ್ಗೆ ಸೋದರಳಿಯ ಹಚ್ಚಿದ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು. ಬಾಗಿ ನೋಡಿದೆ. ಸ್ವಾಮಿಗಳ ಮಾತು ನೆನಪಾಯಿತು ಎಂದರೆ ಜಂಬವಾದೀತು. ನಿಜ ಹೇಳಬೇಕೆಂದರೆ, ಆ ಮುಖದ ಮೇಲೆ ಕದ್ದು ನೀರು ಹಾಕಲು ನನಗೆ ನಾಚಿಕೆಯಾಯಿತು. ಹಾಕದೆ ಬಿಡಲು ಹೆದರಿಕೆಯಾಯಿತು. ಕೊನೆಗೆ ಅವಳ ಕಿವಿಯ ಹತ್ತಿರ ಬಾಯಿಟ್ಟು ಕೇಳಿಯೇಬಿಟ್ಟೆ.

"ಆಯಿ, ತಲಿ ಮ್ಯಾಲೆ ನೀರ ಹಾಕ್ಲೇನು?"

ಕಣ್ಣು ತೆರೆದಳು. ನನ್ನನ್ನು ನೋಡಿದಳು, ನನ್ನ ಕೈಯ ತಂಬಿಗೆ ನೋಡಿದಳು, ಗೋಡೆಗೆ ಒರಗಿ ಕೂತ ಅತ್ತಿಯನ್ನೂ ನೋಡಿದಳು. ತುಟಿಯಲ್ಲಿ ಹಳೆಯ ತುಂಟತನದ ಒಂದು ಗೆರೆ ಮೂಡಿತು. ಒಂದೊಂದೇ ಮಾತನ್ನು ಉಸಿರೆಳೆದು ಎಳೆದು ಹೇಳಿದಳು.

"ನಿನಗ ಕೇಳದ ಹಾಕಿದ್ದೆ... ಕೂಸಿಗೆ ಬಾಯಿ ಇರಂಗಿಲ್ಲ ಅಂತ. ನನಗ ಬಾಯಿ ಅದ ಮಗಳ. ಬಾಯಾಗ ಹಾಕು."

ಆಯಿ ತನ್ನ ಇಡೀ ಜೀವನದಲ್ಲಿ ನಮ್ಮ ಕೈಯ ನೀರು ಕುಡಿದವಳಲ್ಲ. ನಾವು ಮಾಂಸದ ಗಡಿಗೆಯವರು, ಅವಳು ಲಿಂಗ ಕಟ್ಟಿದವಳು. ಬಾಳೆಹಣ್ಣು ಕೊಟ್ಟರೆ ತಿನ್ನುತ್ತಿದ್ದಳು, ನೀರು ಮಾತ್ರ ತನ್ನ ಮನೆಗೆ ಹೋಗಿಯೇ ಕುಡಿಯುತ್ತಿದ್ದಳು. ಇಡೀ ದಿನ ಹೆರಿಗೆ ಮನೆಯಲ್ಲಿ ಬೆವರು ಸುರಿಸಿದರೂ ಅಷ್ಟೇ. ಅದಕ್ಕೆ ನಾವು ಯಾರೂ ಬೇಸರಪಟ್ಟಿರಲಿಲ್ಲ, ಅದು ಅವಳ ನೇಮ.

"ನಾ ಹಾಕ್ಲೇನು, ಆಯಿ? ಅಯ್ಯನೋರು ಬರಾಕತ್ಯಾರ."

"ಅವರು ಬರ್ಲಿ. ನಮ್ಮಾಗ ಹೋಗೂ ಹೊತ್ತಿನಾಗ... ಮಕ್ಕಳು ನೀರ ಬಿಡ್ತಾರ. ನನಗ ಯಾರ ಅದಾರ? ನೀ ಬಿಡು."

ಚಮಚೆಯಲ್ಲಿ ನೀರು ಬಿಟ್ಟೆ. ಗುಟುಕು ಇಳಿಯಿತು. ಇನ್ನೊಂದು ಬಿಟ್ಟೆ, ಅದೂ ಇಳಿಯಿತು. ಮೂರನೆಯದು ತುಟಿಯ ಅಂಚಿನಿಂದ ಜಾರಿ ಕೊರಳಿಗೆ ಹೋಯಿತು. ನನ್ನ ಬಾಯಿಗೆ ಯಾವ ಪ್ರಾರ್ಥನೆಯೂ ಬರಲಿಲ್ಲ. "ಆಯಿ, ಆಯಿ" ಎಂದಷ್ಟೇ ಹೇಳುತ್ತಿದ್ದೆ. ಅತ್ತಿ ಸೆರಗಿನಿಂದ ಆಯಿಯ ಕೊರಳು ಒರೆಸಿದಳು. ಬಾಗಿಲಲ್ಲಿ ಟಾಂಗಾ ನಿಂತು ಅಯ್ಯನವರು ಒಳಗೆ ಬಂದಾಗ ನಾವಿಬ್ಬರೂ ಎದ್ದು ಜಾಗ ಬಿಟ್ಟೆವು. ಅವರು ತಮ್ಮ ವಿಧಿಯಂತೆ ವಿಭೂತಿ ಹಚ್ಚಿ, ಲಿಂಗವನ್ನು ಅವಳ ಎಡಗೈಯಲ್ಲಿ ಇಟ್ಟರು. ಹೊತ್ತು ಮುಳುಗುವ ಮುಂಚೆ ಆಯಿ ಹೋಗಿಬಿಟ್ಟಳು.

ಮರುದಿನ ಅವಳನ್ನು ಕೂರಿಸಿ, ಹೂವಿನಿಂದ ಸಿಂಗರಿಸಿ ಹೊತ್ತುಕೊಂಡು ಹೋದರು. ಆಯಿಯ ಕೈಯಲ್ಲಿ ಹುಟ್ಟಿದ ನಮ್ಮ ಲೈನಿನ ಗಂಡುಮಕ್ಕಳು ಕಾರಖಾನೆಗೆ ರಜೆ ಹಾಕಿ ಹಿಂದೆ ನಡೆದರು. ಹೆಂಗಸರು ಓಣಿಯ ತಿರುವಿನ ತನಕ ಹೋಗಿ ನಿಂತೆವು. ಮೆರವಣಿಗೆ ಕಣ್ಮರೆಯಾದ ಮೇಲೆ ನಾನು ಮನೆಗೆ ಬಂದು ಕಟ್ಟೆಯ ಮೇಲೆ ಕುಸಿದೆ. ಇಷ್ಟು ವರ್ಷ ಕಟ್ಟಿಟ್ಟ ಹೆದರಿಕೆಯೆಲ್ಲ ಒಮ್ಮೆಗೇ ಹೊರಬಂತು. ಕೈಯಲ್ಲಿ ತಂಬಿಗೆಯಿತ್ತು, ಮಾತೂ ಗೊತ್ತಿತ್ತು, ಆದರೂ ಅವಳು ಹಾಗೇ ಹೋದಳು. ಅತ್ತಿ ನನ್ನನ್ನು ಸುಮ್ಮನೆ ಬಿಡುವವಳಲ್ಲ ಎಂದುಕೊಂಡೆ. ಬೈಯಲಿ, ಬೈಸಿಕೊಳ್ಳುತ್ತೇನೆ ಎಂದು ತಲೆ ತಗ್ಗಿಸಿದೆ.

"ಅತ್ತಿ, ಆಯಿ ಈಗ ಎಲ್ಲಿರ್ತಾಳ?"

ಅತ್ತಿ ನನ್ನ ಪಕ್ಕದಲ್ಲಿ ಕೂತಳು.

"ಅಳಬ್ಯಾಡ, ಸುಮ್ಕಿರು. ನಾ ನಿನ್ನಿಯಿಂದ ಅದನ್ನ ವಿಚಾರ ಮಾಡಾಕತ್ತೀನಿ. ಮ್ಯಾಲೆ ನನ್ನ ಮಗ ಅದಾನ. ಅವನೊಬ್ಬನೇನು, ಅಕಿ ಕೈಲೆ ನೀರ ಬಿದ್ದು ಹ್ವಾದ ಕೂಸು ಭಾಳ ಅವ ಅಲ್ಲಿ. ಅವಕ್ಕ ಹಡದ ತಾಯಿ ಮಾರಿ ಗೊತ್ತಿಲ್ಲ. ನನ್ನ ಮಗಗ ನನ್ನ ಮಾರಿ ಗೊತ್ತಿಲ್ಲ. ಅವು ಕಣ್ಣ ತಗದು ನೋಡಿದ್ದು ಒಂದ ಮಾರಿ, ಆಯಿದು. ಅಕಿನ್ನ ಬಾಗಲದಾಗ ನಿಂದರಿಸಿದ್ರ ಸುಮ್ಕಿರ್ತಾವೇನು ಅವು? ಚೀರಿ ಚೀರಿ ಸ್ವರ್ಗಾನ ತಲಿ ಮ್ಯಾಲೆ ಹೊತಗೋತಾವ. ಆ ಗದ್ದಲಾ ಕೇಳಲಾರದ ದೇವರ ತಾನ ಎದ್ದು ಬಂದು ಬಾಗಲಾ ತಗೀತಾನ, ನೋಡತಿರು."

ಹೇಳಿದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನನಗಿಂತ ಜೋರಾಗಿ ಅಳತೊಡಗಿದಳು.